ಮಕ್ಕಳು ಕಾಳುಗಳನ್ನು ಆರಿಸಿ ಬದಿಗಿಡುತ್ತಾರೆ, ಏನು ಮಾಡಲಿ?

ಶಾಲೆಯ ಊಟದ ಉಸ್ತುವಾರಿ ನನ್ನದು. ಬೇಳೆ ಹೇಗೋ ಖರ್ಚಾಗುತ್ತದೆ. ಇಡೀ ಕಾಳು ಹಾಕಿದ ದಿನ ಅಷ್ಟೂ ತಟ್ಟೆಯ ಅಂಚಿಗೆ ಸರಿಯುತ್ತದೆ. ಅನುಭವವಿರುವವರು ದಯವಿಟ್ಟು ತಿಳಿಸಿ.

ಅಡುಗೆ ಮಾಡುವವರೊಬ್ಬರು: ಒಂದು ಕಾಳನ್ನು ಬೆರಳುಗಳ ನಡುವೆ ಹಿಸುಕಿ ನೋಡಿ. ನುಣ್ಣಗಾಗದಿದ್ದರೆ ಮಕ್ಕಳನ್ನು ದೂರಬೇಡಿ. ಬಹಳ ಕಾಲ ದಾಸ್ತಾನಿದ್ದ ಕಾಳು ಎಷ್ಟು ಕುದಿಸಿದರೂ ಗಟ್ಟಿಯಾಗಿಯೇ ಇರುತ್ತದೆ. ಟೊಮೆಟೊ, ನಿಂಬೆರಸ ಮೊದಲೇ ಬಿದ್ದರೂ ಬೇಯುವುದು ತಡ. ಹುಳಿ ಕೊನೆಗೇ ಬರಲಿ. ದೊಡ್ಡ ಕಾಳುಗಳನ್ನು ರಾತ್ರಿ ನೆನೆಹಾಕಿ, ಆ ನೀರನ್ನು ಚೆಲ್ಲಿ ಹೊಸ ನೀರಿನಲ್ಲಿ ಬೇಯಿಸಿ. ಹೊಟ್ಟೆಯುಬ್ಬರಕ್ಕೆ ಕಾರಣವಾಗುವ ಅಂಶ ಒಂದಿಷ್ಟು ಅದರೊಂದಿಗೇ ಹೋಗುತ್ತದೆ. ರಾಜ್ಮಾ ವಿಷಯದಲ್ಲಿ ಮಾತ್ರ ಸಡಿಲ ಬಿಡಬೇಡಿ: ನೆನೆಸಿದ ಮೇಲೆ ಕನಿಷ್ಠ 10 ನಿಮಿಷ ಚೆನ್ನಾಗಿ ಕೊತಕೊತ ಕುದಿಯಲೇಬೇಕು, ಆಮೇಲೆ ಮೆತ್ತಗಾಗುವವರೆಗೆ ಬೇಯಬೇಕು. ಅರೆಬೆಂದರೆ ಅದರಲ್ಲಿರುವ ಲೆಕ್ಟಿನ್ ಎಂಬ ವಿಷಕಾರಿ ಪ್ರೋಟೀನ್‌ನಿಂದ ವಾಂತಿ, ಭೇದಿ ಶುರುವಾಗುತ್ತದೆ. ಒಮ್ಮೆ ಹಾಗಾದರೆ ಮಕ್ಕಳು ಮತ್ತೆ ಅದರ ಹತ್ತಿರ ಸುಳಿಯುವುದಿಲ್ಲ.

ಒಬ್ಬ ತಾಯಿ: ರುಬ್ಬಿ ಸಾರಿಗೆ ಸೇರಿಸಿಬಿಡಿ, ಯಾರಿಗೂ ತಿಳಿಯುವುದಿಲ್ಲ.

ಪ್ರಾಥಮಿಕ ಶಾಲೆಯ ಶಿಕ್ಷಕಿ: ಮೇಲಿನ ಸಲಹೆಯನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಪ್ರೋಟೀನ್ ಹೊಟ್ಟೆಗೆ ಸೇರುತ್ತದೆ ನಿಜ, ಆದರೆ ಕಾಳಿನ ಪರಿಚಯವಾಗುವುದಿಲ್ಲ. ಅರ್ಧ ರುಬ್ಬಿ, ಅರ್ಧ ಹಾಗೆಯೇ ಬಿಡಿ. ಇಡೀ ಕಾಳಿನ ಪಾಲನ್ನು ನಿಧಾನವಾಗಿ ಹೆಚ್ಚಿಸಿ. ಮೊದಲಿಗೆ ಒಂದು ಚಮಚ ಸಾಕು. ಹೊಸ ರುಚಿ ಒಗ್ಗಲು ಎಂಟು ಹತ್ತು ಸಲ, ಕೆಲವರಿಗೆ ಇನ್ನೂ ಹೆಚ್ಚು ಸಲ ಬಡಿಸಬೇಕಾಗುತ್ತದೆ. ಎರಡನೆಯ ಸಲಕ್ಕೇ ಕೈಬಿಡುವ ಶಾಲೆಗಳೇ ಜಾಸ್ತಿ! "ಕಾಳು ತಿಂದರೆ ಸಿಹಿ ಕೊಡುತ್ತೇನೆ" ಎನ್ನಬೇಡಿ. ಕಾಳು ಶಿಕ್ಷೆ, ಸಿಹಿ ಬಹುಮಾನ ಎಂದು ನಾವೇ ಹೇಳಿಕೊಟ್ಟಂತಾಗುತ್ತದೆ. ತರಗತಿಯಲ್ಲಿ ಒದ್ದೆ ಬಟ್ಟೆಯಲ್ಲಿ ಹೆಸರುಕಾಳು ಮೊಳಕೆ ಬರಿಸಿ. ತಾವೇ ನೀರು ಚಿಮುಕಿಸಿದ ಕಾಳು ಬೆಂದು ಬಂದಾಗ ಮೂಗು ಮುರಿಯುವವರು ಕಡಿಮೆ. ಶಿಕ್ಷಕರೂ ಜೊತೆಗೆ ಕುಳಿತು ಅದನ್ನೇ ತಿನ್ನಬೇಕು, ಇದಕ್ಕೆ ವಿನಾಯಿತಿ ಇಲ್ಲ.

ಪೌಷ್ಟಿಕತೆ ಬಲ್ಲವರೊಬ್ಬರು: ಕಾಳಿನ ಕಬ್ಬಿಣಾಂಶ ದೇಹಕ್ಕೆ ಸುಲಭವಾಗಿ ದಕ್ಕುವುದಿಲ್ಲ. ಬಡಿಸುವಾಗ ನಿಂಬೆರಸ ಹಿಂಡಿದರೆ ವಿಟಮಿನ್ ಸಿ ನೆರವಾಗುತ್ತದೆ, ರುಚಿಯೂ ಏರುತ್ತದೆ. ಕಡಲೆ, ಸೋಯಾ ಅಲರ್ಜಿ ಇರುವ ಮಕ್ಕಳ ಪಟ್ಟಿ ಅಡುಗೆಮನೆಯಲ್ಲಿರಲಿ.

ಮತ್ತೆ ಅಡುಗೆಯವರು: ಉಳಿದದ್ದನ್ನು ಬಕೆಟ್ಟಿಗೆ ಸುರಿಯುವ ಮೊದಲು ತೂಗಿ, ಯಾವ ಕಾಳು, ಹೇಗೆ ಮಾಡಿದ್ದು ಎಂದು ಬರೆದಿಡಿ. "ಇಷ್ಟವಾಯಿತೇ?" ಎಂದು ಕೇಳಿದರೆ ಮಕ್ಕಳು ನಿಮ್ಮ ಮುಖ ನೋಡಿಕೊಂಡು ಉತ್ತರ ಹೇಳುತ್ತಾರೆ.