ರಿಪೇರಿ ಮುಗಿಯೋವರೆಗೆ ಬೇರೆ ಫೋನ್ ಕೊಡೋದು, ದಿನಾ ಆಯ್ತಾ ಆಯ್ತಾ ಅನ್ನೋ ಕರೆಗಳು: ನೀವೆಲ್ಲ ಹೆಂಗ್ ನಿಭಾಯಿಸ್ತೀರಾ?

ಅಂಗಡಿಯವ_ತಿಪಟೂರು
ನಮಸ್ಕಾರ, ಸಣ್ಣ ಮೊಬೈಲ್ ರಿಪೇರಿ ಅಂಗಡಿ ನಂದು, ನಾನು ಮತ್ತೆ ಕೆಲ್ಸ ಕಲೀತಿರೋ ಒಬ್ಬ ಹುಡುಗ ಅಷ್ಟೇ. ಡಿಸ್‌ಪ್ಲೇ, ಚಾರ್ಜಿಂಗ್ ಪೋರ್ಟ್ ಆದ್ರೆ ಅವತ್ತೇ ಕೊಟ್ಬಿಡ್ತೀನಿ, ಆದ್ರೆ ಬೋರ್ಡ್ ಕೆಲ್ಸ ಇದ್ರೆ, ಇಲ್ಲಾ ಪಾರ್ಟ್ ಬೆಂಗ್ಳೂರು ಎಸ್‌ಪಿ ರೋಡಿಂದ ತರಿಸ್ಬೇಕಾದ್ರೆ ಮೂರ್ನಾಲ್ಕು ದಿನ ಹಿಡಿಯತ್ತೆ, ಅಷ್ಟರಲ್ಲಿ ಒಬ್ಬೊಬ್ರೂ ಹತ್ತು ಸಲ ಫೋನ್ ಮಾಡಿ ಆಯ್ತಾ ಅಂತಾರೆ, ಕೈಲಿ ಸೋಲ್ಡರಿಂಗ್ ಐರನ್ ಇರತ್ತೆ, ಎತ್ತಕ್ಕಾಗಲ್ಲ, ಎತ್ತಿಲ್ಲ ಅಂದ್ರೆ ಏನೋ ಮೋಸ ಅಂದ್ಕೋತಾರೆ. ಅದಕ್ಕೇ ಎರಡು ಹಳೇ ಫೋನ್ ಇಟ್ಟು, ಅಲ್ಲೀವರೆಗೆ ಇದನ್ನ ಬಳಸಿ ಅಂತ ಕೊಡೋಕೆ ಶುರು ಮಾಡ್ದೆ. ಒಂದು ಸ್ಕ್ರೀನ್ ಒಡ್ಕೊಂಡು ವಾಪಸ್ ಬಂತು. ಇನ್ನೊಂದು ಹಳೇ ಕೀಪ್ಯಾಡ್ ಸೆಟ್, ಸಿಮ್ಮೇ ಕೆಲ್ಸ ಮಾಡ್ತಿಲ್ಲ ಅಂತ ಅರ್ಧ ಗಂಟೇಲಿ ತಂದಿಟ್ರು. ಡೆಪಾಸಿಟ್ ಕೇಳಿದ್ರೆ ಮುಖ ಗಂಟಾಕ್ಕೋತಾರೆ. ಏನ್ ಮಾಡ್ಲಿ?

ಬೋರ್ಡ್_ಕೆಲ್ಸ_ಮೈಸೂರು
ಅದು ಜಿಯೋ ಸಿಮ್ ಇರ್ಬೇಕು ನೋಡಿ. ಜಿಯೋಗೆ 2ಜಿ ಇಲ್ವೇ ಇಲ್ಲ, 4ಜಿ ವೋಲ್ಟಿ (4ಜಿ ನೆಟ್‌ವರ್ಕ್‌ನಲ್ಲೇ ಕರೆ ಮಾಡೋ ಸೌಲಭ್ಯ) ಇರೋ ಸೆಟ್ಟೇ ಬೇಕು. ಹಂಗಂತ ಜಿಯೋಫೋನ್ ತಂದಿಟ್ರೆ ಅದ್ರಲ್ಲಿ ಏರ್‌ಟೆಲ್ ಸಿಮ್ ನಡಿಯಲ್ಲ. ಯಾವ್ ಸಿಮ್ ಅಂತ ಮೊದ್ಲೇ ಕೇಳಿ, ಆಮೇಲೆ ಫೋನ್ ಕೊಡಿ. ಡೆಪಾಸಿಟ್ ವಿಷ್ಯ ಹೇಳ್ಬೇಕಂದ್ರೆ, ಸರಿಹೋಗೋ ಫೋನ್ ಆದ್ರೆ ಅವ್ರ ಫೋನೇ ನಿಮ್ಮತ್ರ ಇರತ್ತಲ್ಲ, ಬೇರೆ ದುಡ್ಡು ಯಾಕೆ? ಆದ್ರೆ ಬೋರ್ಡ್ ಡೆಡ್ ಆಗಿರೋ ಸೆಟ್‌ಗೆ ದುಡ್ಡು ಇಸ್ಕೊಳ್ಳೇಬೇಕು, ಯಾಕಂದ್ರೆ ಅದು ರೆಡಿ ಆಗಲ್ಲ ಅಂತ ಗೊತ್ತಾದ್ಮೇಲೆ ಅವ್ರು ವಾಪಸ್ ಬರೋಕೆ ಕಾರಣಾನೇ ಇರಲ್ಲ, ನಾನು ಹಂಗೇ ಒಂದು ಸೆಟ್ ಕಳ್ಕೊಂಡೆ. *#06# ಒತ್ತಿ ಎರಡೂ ಫೋನಿನ ಐಎಂಇಐ (ಒಂದೊಂದು ಫೋನಿಗೂ ಬೇರೆ ಬೇರೆ ಇರೋ ಗುರುತಿನ ನಂಬರ್) ಚೀಟೀಲಿ ಬರೀರಿ, ಕೊಡೋ ಫೋನಿನ ಫೋಟೋ ಅವ್ರ ಎದುರಿಗೇ ತೆಗೀರಿ. ವಾಪಸ್ ಬಂದಾಗ ಗೂಗಲ್ ಅಕೌಂಟ್ ಅವ್ರ ಕೈಲೇ ತೆಗೆಸಿ, ಹಂಗೇ ಬಿಟ್ಟು ರಿಕವರಿ ಮೆನುವಿಂದ ರೀಸೆಟ್ ಹೊಡೆದ್ರೆ ಎಫ್‌ಆರ್‌ಪಿ ಲಾಕ್ (ಹಳೇ ಗೂಗಲ್ ಅಕೌಂಟ್ ಹಾಕದೆ ಫೋನ್ ತೆರೆಯದ ಲಾಕ್) ಬಿದ್ದು ಅವ್ರನ್ನೇ ಮತ್ತೆ ಕರೀಬೇಕಾಗತ್ತೆ.

ಗಿರಾಕಿ_ಕಡೂರು
ನಾನು ರಿಪೇರಿಯವ್ನಲ್ಲ, ಹತ್ತು ಸಲ ಫೋನ್ ಮಾಡೋ ಕಡೆಯವ್ನು. ಅಪ್ಪನ ಫೋನ್ ಕೊಟ್ಟಿದ್ವಿ ಒಂದ್ ಕಡೆ, ನಾಳೆ ನಾಳೆ ಅಂತ ಎಂಟು ದಿನ ಕಳೆದ್ರು. ಪಾರ್ಟ್ ಬಂದಿಲ್ಲ, ಗುರುವಾರ ಬರತ್ತೆ ಅಂತ ಒಂದು ಮೆಸೇಜ್ ಹಾಕಿದ್ರೆ ನಾನ್ಯಾಕೆ ಫೋನ್ ಮಾಡ್ತಿದ್ದೆ? ಇನ್ನೊಂದು, ಪ್ಯಾಟರ್ನ್ ಬರೆದುಕೊಡಿ ಅಂದ್ರು, ಮನೆ ಫೋಟೋ ಎಲ್ಲ ಅದ್ರಲ್ಲೇ ಇದೆ, ರಾತ್ರಿ ನಿದ್ದೆ ಬರ್ಲಿಲ್ಲ ನಂಗೆ.

ಬೋರ್ಡ್_ಕೆಲ್ಸ_ಮೈಸೂರು
ಸ್ಯಾಮ್‌ಸಂಗ್‌ನ ಹೊಸ ಸೆಟ್‌ಗಳಲ್ಲಿ ಮೇಂಟೆನೆನ್ಸ್ ಮೋಡ್ ಇದೆ, ಪಿಕ್ಸೆಲ್‌ನಲ್ಲಿ ರಿಪೇರಿ ಮೋಡ್. ಕೊಡೋವಾಗ ನೀವೇ ಅದನ್ನ ಹಾಕಿ ಕೊಟ್ರೆ ಫೋಟೋ, ಮೆಸೇಜ್ ಯಾವ್ದೂ ನಮಗೆ ಕಾಣಲ್ಲ, ಟಚ್, ಕ್ಯಾಮೆರಾ ಎಲ್ಲ ಟೆಸ್ಟ್ ಮಾಡ್ಬೋದು, ಪ್ಯಾಟರ್ನ್ ಬೇಡ. ಫೋನ್ ಆನೇ ಆಗ್ತಿಲ್ಲ ಅಂದ್ರೆ ಮಾತ್ರ ಕಷ್ಟ.

ಸುಮ್ನೆ_ಓದೋಳು
ಫೋನ್ ಕೊಡೋವಾಗ್ಲೇ ಫೋನ್‌ಪೇ ಬಗ್ಗೆ ಹೇಳ್ಬಿಡಿ ಅಣ್ಣ. ಯುಪಿಐ ಸಿಮ್ಮಿಗೂ ಆ ಫೋನಿಗೂ ಸೇರಿಸಿ ಕಟ್ಟಿರತ್ತೆ, ಸೆಟ್ ಬದಲಾದ್ರೆ ಮತ್ತೆ ರಿಜಿಸ್ಟರ್ ಆಗ್ಬೇಕು, ಮೊದಲ 24 ಗಂಟೆ ದೊಡ್ಡ ಮೊತ್ತ ಹೋಗಲ್ಲ, ಅವ್ರು ನಿಮ್ಮ ಫೋನೇ ಕೆಟ್ಟಿದೆ ಅಂದ್ಕೋತಾರೆ. ಬೇರೆಯವ್ರ ಸೆಟ್‌ನಲ್ಲಿ ಬ್ಯಾಂಕ್ ಆ್ಯಪ್ ಹಾಕದೇ ಇರೋದೇ ಒಳ್ಳೇದು. ವಾಟ್ಸಾಪ್ ಕೂಡ ಬ್ಯಾಕಪ್ ಇಲ್ದಿದ್ರೆ ಹಳೇ ಚಾಟ್ ಬರಲ್ಲ.

ಅಂಗಡಿಯವ_ತಿಪಟೂರು
ಹೌದು, ಅದು ಜಿಯೋ ಸಿಮ್ಮೇ. ಎಲ್ರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಒಬ್ರು ನೀರಿಗೆ ಬಿದ್ದ ಫೋನನ್ನ ಎರಡು ದಿನ ಅಕ್ಕಿ ಡಬ್ಬೀಲಿಟ್ಟು ಆಮೇಲೆ ತಂದ್ರು, ಬೋರ್ಡ್ ಮೇಲೆ ಆಗ್ಲೇ ಹಸಿರು ಕಿಲುಬು ಹಿಡಿದಿದೆ, ಉಳಿಯತ್ತೆ ಅಂತ ಮಾತು ಕೊಡಕ್ಕಾಗಲ್ಲ. ಅವ್ರು ಕೇಳೋಕೆ ಮುಂಚೆ ಸಂಜೆ ನಾನೇ ಫೋನ್ ಮಾಡಿ ಇದ್ದದ್ದು ಹೇಳ್ತೀನಿ.