ಸಹಾಯ ಬೇಕು: ಓಟ್ಸ್ ನಡುವೆ ಬರ್ಸೀಮ್ ಏಳುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಚನ್ನರಾಯಪಟ್ಟಣ ತಾಲ್ಲೂಕಿನ ನಮ್ಮ ಕೊಳವೆಬಾವಿ ಜಮೀನಿನಲ್ಲಿ ಹಸುಗಳ ಹಸಿಮೇವಿಗೆಂದು ನವೆಂಬರ್‌ನಲ್ಲಿ ಓಟ್ಸ್ ಜೊತೆ ಬರ್ಸೀಮ್ (ದ್ವಿದಳ ಜಾತಿಯ ಮೇವಿನ ಬೆಳೆ) ಬಿತ್ತಿದ್ದೇವೆ. ಬರ್ಸೀಮ್ ಒಂದನ್ನೇ ಹೆಚ್ಚು ತಿನ್ನಿಸಿದರೆ ಹೊಟ್ಟೆ ಉಬ್ಬರ ಬರುತ್ತದೆಂಬ ಕಾರಣಕ್ಕೇ ಈ ಮಿಶ್ರಬೆಳೆ. ಓಟ್ಸ್ ಮೊಣಕಾಲು ಮೀರಿದೆ, ಬರ್ಸೀಮ್ ಮಾತ್ರ ಗೇಣುದ್ದವೂ ಆಗದೆ ಹಳದಿಗಟ್ಟಿದೆ. ಬೀಜಕ್ಕೆ ಬೆಲ್ಲದ ನೀರಿನಲ್ಲಿ ರೈಜೋಬಿಯಂ (ಬೇರಿನ ಗಂಟಿನಲ್ಲಿದ್ದು ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ಬ್ಯಾಕ್ಟೀರಿಯಾ) ಲೇಪಿಸಿದ್ದೆವು. ಆದರೂ ಗಿಡ ಕಿತ್ತು ಬೇರಿನ ಗಂಟು ಸೀಳಿ ನೋಡಿದರೆ ಒಳಗೆ ನಸುಗೆಂಪಿನ ಬದಲು ಬಿಳಿಚಿಕೊಂಡಿದೆ, ಅಂದರೆ ಗಂಟು ಸರಿಯಾಗಿ ಕೆಲಸ ಮಾಡುತ್ತಿಲ್ಲ. ಅಲಸಂದೆಯ ರೈಜೋಬಿಯಂ ಬರ್ಸೀಮ್‌ಗೆ ಹೊಂದುವುದಿಲ್ಲ, ಆದರೆ ನಮಗೆ ಸಿಕ್ಕ ಪೊಟ್ಟಣದ ಮೇಲೆ ಬೆಳೆಯ ಹೆಸರೇ ಇಲ್ಲ. ಯೂರಿಯಾ ಹಾಕಿ ಎಂದು ಅಂಗಡಿಯವರ ಸಲಹೆ. ಅದರಿಂದ ಓಟ್ಸ್ ಇನ್ನಷ್ಟು ಎದ್ದು ನೆರಳು ಹೆಚ್ಚೀತೆಂದು ನನ್ನ ಅನುಮಾನ. ಓಟ್ಸನ್ನು ಈಗಲೇ ಕೊಯ್ದು ಬೆಳಕು ಬಿಟ್ಟರೆ ಬರ್ಸೀಮ್ ಚೇತರಿಸಿಕೊಳ್ಳುವುದೇ, ಕೊಯ್ಯುವುದಾದರೆ ನೆಲದಿಂದ ಎಷ್ಟು ಎತ್ತರ ಬಿಡಬೇಕು ಎಂಬುದನ್ನು ಹಾಸನ, ಚಿಕ್ಕಮಗಳೂರು ಕಡೆ ಬೆಳೆದವರು ದಯವಿಟ್ಟು ತಿಳಿಸುವಿರಾ?