ಸೋಲಾರ್ ಹೀಟರ್ ಟ್ಯಾಂಕಿಗೆ ಲವಣ ಹೈಡ್ರೇಟ್ ಸೇರಿಸಿದರೆ ಪ್ರಯೋಜನವಿದೆಯೇ?

ಪ್ರಶ್ನೆ (ಬಸವನಗುಡಿಯಿಂದ)

ನಮ್ಮ ತಾರಸಿಯ ಮೇಲೆ 200 ಲೀಟರಿನ ಸೋಲಾರ್ ವಾಟರ್ ಹೀಟರ್ ಇದೆ. ಒಳ್ಳೆಯ ಬಿಸಿಲಿದ್ದ ದಿನ ಸಂಜೆಯ ಹೊತ್ತಿಗೆ ನೀರು 60 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆಯಾದರೂ, ಬೆಳಿಗ್ಗೆ ಮನೆಮಂದಿಯೆಲ್ಲ ಒಬ್ಬರ ಹಿಂದೊಬ್ಬರು ಸ್ನಾನ ಮಾಡುವಾಗ ಕೊನೆಯವರಿಗೆ ಉಗುರುಬೆಚ್ಚಗಿನ ನೀರಷ್ಟೇ ಉಳಿಯುತ್ತದೆ. ಸೋಡಿಯಂ ಅಸಿಟೇಟ್ ಟ್ರೈಹೈಡ್ರೇಟ್ ಎಂಬ ಲವಣ ಹೈಡ್ರೇಟ್ (ಹರಳಿನೊಳಗೆ ನೀರು ಸೇರಿಕೊಂಡಿರುವ ಲವಣ) 58 ಡಿಗ್ರಿಯಲ್ಲಿ ಕರಗುತ್ತದೆ, ಕರಗುವಾಗ ಕಿಲೋಗೆ ಸುಮಾರು 260 ಕಿಲೋಜೌಲ್ ಶಾಖ ಹೀರಿಕೊಂಡು ಗಟ್ಟಿಯಾಗುವಾಗ ಅದನ್ನು ಮರಳಿ ಕೊಡುತ್ತದೆ ಎಂದು ಓದಿದೆ. ಇಂಥ ಲವಣವನ್ನು 50 ಕಿಲೋದಷ್ಟು ಡಬ್ಬಿಗಳಲ್ಲಿ ಭದ್ರವಾಗಿ ಮುಚ್ಚಿ ಟ್ಯಾಂಕಿನೊಳಗೆ ಇಟ್ಟರೆ ನಮ್ಮ ತೊಂದರೆ ನೀಗೀತೇ? ಮೇಲಂತಸ್ತಿನ ಕೋಣೆ ಏಪ್ರಿಲ್‌ನಲ್ಲಿ ಕಾದ ಕಾವಲಿಯಂತಾಗುತ್ತದೆ. ಅಲ್ಲಿಯೂ ಇದನ್ನು ಬಳಸಬಹುದೇ ಎಂಬುದನ್ನು ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ 1 (ರಾಜಾಜಿನಗರದಿಂದ)

ಮೊದಲು ಲೆಕ್ಕ ನೋಡೋಣ. 200 ಲೀಟರ್ ನೀರನ್ನು 25ರಿಂದ 60 ಡಿಗ್ರಿಗೆ ಏರಿಸಲು ಸುಮಾರು 29,000 ಕಿಲೋಜೌಲ್, ಅಂದರೆ ಎಂಟು ಯೂನಿಟ್ ವಿದ್ಯುತ್ತಿನಷ್ಟು ಶಾಖ ಬೇಕು. ನೀವು ಹೇಳುವ 50 ಕಿಲೋ ಲವಣ ಪೂರ್ತಿ ಕರಗಿದರೆ ಗುಪ್ತೋಷ್ಣವಾಗಿ, ಅಂದರೆ ಕರಗುವಾಗ ಹೀರಿಕೊಳ್ಳುವ ಶಾಖವಾಗಿ, 13,000 ಕಿಲೋಜೌಲ್ ಹಿಡಿದಿಡುತ್ತದೆ. ಕಾಗದದ ಮೇಲೆ ಇದು ದೊಡ್ಡ ಲಾಭವೇ. ಆದರೆ 'ಪೂರ್ತಿ ಕರಗಿದರೆ' ಎಂಬ ಮಾತಿನಲ್ಲೇ ತೊಡಕಿದೆ. ಟ್ಯಾಂಕಿನ ನೀರು 60, ಲವಣ ಕರಗುವುದು 58. ಕೇವಲ ಎರಡು ಡಿಗ್ರಿಯ ಅಂತರದಲ್ಲಿ ಶಾಖ ಒಳಗೆ ಹರಿಯುವುದು ಬಹಳ ನಿಧಾನ. ಜೊತೆಗೆ ಟ್ಯಾಂಕಿನಲ್ಲಿ ಬಿಸಿನೀರು ಮೇಲೆ, ತಣ್ಣನೆಯದು ಕೆಳಗೆ ನಿಲ್ಲುವುದರಿಂದ ತಳದಲ್ಲಿಟ್ಟ ಡಬ್ಬಿಗಳು ಕರಗುವ ಮಾತೇ ಇಲ್ಲ. ನಮ್ಮೂರಿನ ಜುಲೈ, ಆಗಸ್ಟ್ ತಿಂಗಳ ಮೋಡದಲ್ಲಿ ನೀರು 45 ಡಿಗ್ರಿ ತಲುಪುವುದೂ ಕಷ್ಟವಾದಾಗ ಆ 50 ಕಿಲೋ ಬರೀ ಜಾಗ ತಿನ್ನುತ್ತದೆ: ಅದು ಸುಮಾರು 40 ಲೀಟರ್ ನೀರಿನ ಜಾಗವನ್ನು ಆಕ್ರಮಿಸಿಕೊಂಡಿರುತ್ತದೆ.

ಕರಗುವ ಬಿಂದು ಕಡಿಮೆ ಇರುವ ಲವಣವೇ ಬೇಕೆಂದರೆ ಸೋಡಿಯಂ ಥಯೋಸಲ್ಫೇಟ್ ಪೆಂಟಾಹೈಡ್ರೇಟ್ ಇದೆ. ಫೋಟೋ ಸ್ಟುಡಿಯೋಗಳಲ್ಲಿ ಫಿಲ್ಮ್ ತೊಳೆಯುತ್ತಿದ್ದ ಕಾಲದ ಹೈಪೋ ಅದೇ. ಅದು 48 ಡಿಗ್ರಿಯಲ್ಲಿ ಕರಗುತ್ತದೆ, ಕಿಲೋಗೆ ಸುಮಾರು 200 ಕಿಲೋಜೌಲ್. ಆದರೂ ನನ್ನ ಅಭಿಪ್ರಾಯ ಬೇರೆ. ತಾರಸಿಯಲ್ಲಿ ಜಾಗವಿದ್ದರೆ ಇನ್ನೊಂದು 100 ಲೀಟರಿನ ಟ್ಯಾಂಕ್ ಮತ್ತು ಅದಕ್ಕೆ ತಕ್ಕ ಕಲೆಕ್ಟರ್ (ಬಿಸಿಲು ಹೀರುವ ಭಾಗ) ಜೋಡಿಸುವುದೇ ಮೇಲು, ಏಕೆಂದರೆ ಅಷ್ಟು ನೀರು ಅದೇ 35 ಡಿಗ್ರಿ ಏರಿಕೆಯಲ್ಲಿ 14,600 ಕಿಲೋಜೌಲ್ ಹಿಡಿಯುತ್ತದೆ; ನೀರು ಸವೆಯುವುದಿಲ್ಲ, ಕೆಡುವುದೂ ಇಲ್ಲ.

ಉತ್ತರ 2 (ಮಲ್ಲೇಶ್ವರದಿಂದ, ರಸಾಯನಶಾಸ್ತ್ರ ಬೋಧಿಸುವವರು)

ಮೇಲಿನ ಲೆಕ್ಕ ಸರಿಯಾಗಿದೆ. ಲವಣಗಳ ಸ್ವಭಾವದ ಬಗ್ಗೆ ಎರಡು ಮಾತು ಸೇರಿಸುತ್ತೇನೆ, ಏಕೆಂದರೆ ಪಟ್ಟಿಯಲ್ಲಿ ಕಾಣುವ ಗುಪ್ತೋಷ್ಣಕ್ಕೂ ವರ್ಷಾನಂತರ ಡಬ್ಬಿಯಿಂದ ನಿಜವಾಗಿ ಸಿಗುವ ಶಾಖಕ್ಕೂ ಅಜಗಜಾಂತರವಿರಬಹುದು.

ಮೊದಲನೆಯದು ಬೇರ್ಪಡುವಿಕೆ. ಗ್ಲೌಬರ್ ಲವಣವನ್ನು, ಅಂದರೆ ಸೋಡಿಯಂ ಸಲ್ಫೇಟ್ ಡೆಕಾಹೈಡ್ರೇಟನ್ನು ತೆಗೆದುಕೊಳ್ಳಿ. ಒಂದು ಕಿಲೋದಲ್ಲಿ ಸುಮಾರು 440 ಗ್ರಾಂ ಲವಣ, 560 ಗ್ರಾಂ ಸ್ಫಟಿಕಜಲ ಇರುತ್ತದೆ. 32.4 ಡಿಗ್ರಿಯಲ್ಲಿ ಅದು ಕರಗಿದಾಗ, ತನ್ನಿಂದಲೇ ಬಿಡುಗಡೆಯಾದ ಆ ನೀರಿನಲ್ಲಿ ಇಡೀ ಲವಣ ಕರಗಲಾರದು. ಸುಮಾರು 160 ಗ್ರಾಂ ನೀರಿಲ್ಲದ ಬಿಳಿ ಪುಡಿಯಾಗಿ ತಳಕ್ಕಿಳಿಯುತ್ತದೆ. ಇನ್ನಷ್ಟು ಕಾಯಿಸಿದರೆ ಕರಗೀತು ಎಂದುಕೊಂಡರೆ ಅದೂ ಆಗದು, ಆ ಉಷ್ಣತೆಯಿಂದ ಮೇಲಕ್ಕೆ ಸೋಡಿಯಂ ಸಲ್ಫೇಟಿನ ಕರಗುವಿಕೆ ತುಸು ಕಡಿಮೆಯೇ ಆಗುತ್ತದೆ. ತಣಿಯುವಾಗ ತಳದ ಪುಡಿಯ ಮೇಲೆ ಹರಳುಗಳ ಪದರವೊಂದು ಕಟ್ಟಿಕೊಂಡು, ಮೇಲಿರುವ ನೀರು ಕೆಳಗಿನ ಲವಣವನ್ನು ಸೇರದಂತೆ ತಡೆಯುತ್ತದೆ. ಪಾರದರ್ಶಕ ಬಾಟಲಿಯಲ್ಲಿ ನೋಡಿದರೆ ತಳದಲ್ಲಿ ಗಟ್ಟಿ ಬಿಳಿ ಗಷ್ಟು, ನಡುವೆ ಹರಳು, ಮೇಲೆ ತಿಳಿದ್ರವ ಎಂದು ಮೂರು ಪದರ ಸ್ಪಷ್ಟವಾಗಿ ಕಾಣುತ್ತವೆ. ಕರಗಿ ಗಟ್ಟಿಯಾಗುವ ಪ್ರತಿ ಆವರ್ತನೆಯಲ್ಲೂ ಕೆಲಸಕ್ಕೆ ಬಾರದ ಪಾಲು ಹೆಚ್ಚುತ್ತಾ ಹೋಗುತ್ತದೆ.

ಎರಡನೆಯದು ಅತಿಶೀತಲೀಕರಣ, ಅಂದರೆ ಗಟ್ಟಿಯಾಗಬೇಕಾದ ಉಷ್ಣತೆಗಿಂತ ಕೆಳಗಿಳಿದರೂ ದ್ರವ ದ್ರವವಾಗಿಯೇ ಉಳಿಯುವುದು. ಸೋಡಿಯಂ ಅಸಿಟೇಟ್ ಮತ್ತು ಹೈಪೋ ಇದರಲ್ಲಿ ಎತ್ತಿದ ಕೈ. ಶುದ್ಧವಾದ ಹೈಪೋವನ್ನು ಕರಗಿಸಿ ಅಲುಗಿಸದೆ ಬಿಟ್ಟರೆ ಕೋಣೆಯ ಉಷ್ಣತೆಗೆ ಬಂದರೂ ಅದು ಎಣ್ಣೆಯಂತೆ ತಿಳಿಯಾಗಿರುತ್ತದೆ. ಒಂದೇ ಒಂದು ಹರಳನ್ನು ಹಾಕಿದೊಡನೆ ಸೂಜಿಗಳಂತಹ ಹರಳುಗಳು ಹರಡಿ ಪಾತ್ರೆ ಕೈಗೆ ಬಿಸಿ ತಾಗುತ್ತದೆ. ನಿಮ್ಮ ಟ್ಯಾಂಕಿನ ಡಬ್ಬಿಯೊಳಗೆ ಬೆಳಗಿನ ಜಾವ ಆ ಹರಳನ್ನು ಹಾಕುವವರು ಯಾರು? ಆದ್ದರಿಂದಲೇ ಮೊಳಕೆ ಕಟ್ಟಿಸುವ, ಅಂದರೆ ಹರಳುಗಟ್ಟುವುದನ್ನು ಶುರುಮಾಡುವ ಪದಾರ್ಥವನ್ನು ಮೊದಲೇ ಬೆರೆಸುತ್ತಾರೆ. ಗ್ಲೌಬರ್ ಲವಣಕ್ಕೆ ನೂರಕ್ಕೆ ಮೂರು ಪಾಲು ಬಿಳಿಗಾರ ಬೆರೆಸುವ ಉಪಾಯವನ್ನು ಕಂಡುಕೊಂಡವರು ಸೌರಶಕ್ತಿ ವಿಜ್ಞಾನಿ ಮಾರಿಯಾ ಟೆಲ್ಕೆಸ್. ನಮ್ಮ ಅಕ್ಕಸಾಲಿಗರು ಬೆಸುಗೆಗೆ ಬಳಸುವ ಬಿಳಿಗಾರವೇ ಅದು. ಬೇರ್ಪಡುವಿಕೆಗೆ ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್‌ನಂತಹ ಅಂಟು ಬೆರೆಸಿ ದ್ರವವನ್ನು ಮಂದ ಮಾಡುತ್ತಾರೆ. ಇದೇ ಟೆಲ್ಕೆಸ್ ಅವರು 1948ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ಡೋವರ್‌ನಲ್ಲಿ, ವಾಸ್ತುಶಿಲ್ಪಿ ಎಲೀನರ್ ರೇಮಂಡ್ ವಿನ್ಯಾಸಗೊಳಿಸಿದ ಮನೆಯನ್ನು ಗ್ಲೌಬರ್ ಲವಣದ ಶಾಖದಿಂದಲೇ ಬೆಚ್ಚಗಿಟ್ಟರು. ಮೊದಲೆರಡು ಚಳಿಗಾಲ ಚೆನ್ನಾಗಿ ನಡೆದ ವ್ಯವಸ್ಥೆ ಕೈಕೊಟ್ಟದ್ದು ಲವಣ ಹೀಗೆ ಪದರಗಟ್ಟಿದ್ದರಿಂದಲೇ. ಆ ಸಾಹಸದ ಬಗ್ಗೆ ನನಗೆ ಅಪಾರ ಗೌರವವಿದೆ. ಇಂದು ಈ ಲವಣಗಳ ಬಗ್ಗೆ ನಮಗೆ ತಿಳಿದಿರುವುದರಲ್ಲಿ ಬಹುಪಾಲು ಅಲ್ಲಿಂದಲೇ ಶುರುವಾಗುತ್ತದೆ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ವಂದನೆಗಳು. ಟ್ಯಾಂಕಿನ ಯೋಚನೆಯನ್ನು ಕೈಬಿಟ್ಟೆ. ಹಾಗಾದರೆ ಲವಣ ಹೈಡ್ರೇಟ್ ನೀರಿಗಿಂತ ನಿಜವಾಗಿ ಗೆಲ್ಲುವುದು ಎಲ್ಲಿ? ಕೋಣೆಯ ವಿಷಯದಲ್ಲಿ ಏನು ಹೇಳುತ್ತೀರಿ?

ಉತ್ತರ 3 (ರಾಜಾಜಿನಗರದಿಂದ)

ಉಷ್ಣತೆಯ ಅಂತರ ಕಿರಿದಾಗಿರುವ ಕಡೆ ಅದು ಗೆಲ್ಲುತ್ತದೆ. ನೀರಿಗೆ 35 ಡಿಗ್ರಿ ಏರಲು ಅವಕಾಶವಿದ್ದಾಗ ಅದನ್ನು ಮೀರಿಸುವುದು ಕಷ್ಟ. ಆದರೆ ಕೋಣೆಯಲ್ಲಿ ನಮಗಿರುವುದು 25ರಿಂದ 31ರವರೆಗಿನ ಆರೇ ಡಿಗ್ರಿ. ಅಷ್ಟರಲ್ಲಿ ಒಂದು ಕಿಲೋ ನೀರು ಹಿಡಿಯುವುದು 25 ಕಿಲೋಜೌಲ್. 29–30 ಡಿಗ್ರಿಯಲ್ಲಿ ಕರಗುವ ಕ್ಯಾಲ್ಸಿಯಂ ಕ್ಲೋರೈಡ್ ಹೆಕ್ಸಾಹೈಡ್ರೇಟ್ ಗುಪ್ತೋಷ್ಣವೊಂದರಿಂದಲೇ 170ಕ್ಕೂ ಹೆಚ್ಚು ಹಿಡಿಯುತ್ತದೆ. ಅದರ 100 ಕಿಲೋ, ಆರು ಗಂಟೆಗಳ ಕಾಲ ಸುಮಾರು 800 ವ್ಯಾಟ್ ಶಾಖವನ್ನು ಹೀರಬಲ್ಲದು.

ಬೆಂಗಳೂರಿಗೆ ಇದು ಒಗ್ಗುವುದು ನಮ್ಮ ರಾತ್ರಿಗಳಿಂದಾಗಿ. ಏಪ್ರಿಲ್‌ನಲ್ಲೂ ಹೊರಗಿನ ಕನಿಷ್ಠ ಉಷ್ಣತೆ ಸುಮಾರು 22 ಡಿಗ್ರಿಗೆ ಇಳಿಯುವುದರಿಂದ ಹಗಲು ಕರಗಿದ ಲವಣ ರಾತ್ರಿ ಗಟ್ಟಿಯಾಗಲು ಸಾಧ್ಯ. ಆದರೆ ಕಿಟಕಿ ಮುಚ್ಚಿದ ಕೋಣೆಯಲ್ಲಿ, ಹಗಲೆಲ್ಲ ಕಾದ ಆರ್‌ಸಿಸಿ ಛಾವಣಿ ನಡುರಾತ್ರಿಯವರೆಗೂ ಶಾಖ ಬಿಡುತ್ತಿರುವಾಗ ಅದು ಗಟ್ಟಿಯಾಗದು, ಮರುದಿನ ಪ್ರಯೋಜನಕ್ಕೂ ಬಾರದು. ಆದ್ದರಿಂದ ಲವಣ ತುಂಬಿದ ಫಲಕಗಳನ್ನು ಛಾವಣಿಗೆ ಅಂಟಿಸದೆ ಗೇಣುದ್ದ ಕೆಳಗೆ ತೂಗುಬಿಟ್ಟು, ರಾತ್ರಿ ಕಿಟಕಿ ತೆರೆದು ಫ್ಯಾನ್ ಹಾಕಿ ಗಾಳಿ ಆಡಿಸಬೇಕು. ಫಲಕದ ದಪ್ಪ ಎರಡು ಸೆಂಟಿಮೀಟರ್ ಮೀರದಿರಲಿ. ದಪ್ಪ ಇಮ್ಮಡಿಯಾದರೆ ಗಟ್ಟಿಯಾಗುವ ಸಮಯ ಹೆಚ್ಚುಕಡಿಮೆ ನಾಲ್ಮಡಿಯಾಗುತ್ತದೆ.

ಉತ್ತರ 4 (ಮಲ್ಲೇಶ್ವರದಿಂದ)

ಕ್ಯಾಲ್ಸಿಯಂ ಕ್ಲೋರೈಡ್ ಕಬ್ಬಿಣ, ಅಲ್ಯೂಮಿನಿಯಂ ಎರಡನ್ನೂ ಕೊರೆಯುತ್ತದೆ, ಆದ್ದರಿಂದ ಎಚ್‌ಡಿಪಿಇ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಡಬ್ಬಿಯೇ ಆಗಬೇಕು, ಮುಚ್ಚಳ ಬೆಸುಗೆಯಾಗಿರಬೇಕು. ಸೋರಿದರೆ ಗಾಳಿಯ ತೇವ ಹೀರಿ ನೀರಿನ ಪ್ರಮಾಣ ಕೆಡುತ್ತದೆ, ಅದರೊಂದಿಗೆ ಕರಗುವ ಬಿಂದುವೂ ಕೆಡುತ್ತದೆ. ಮೊಳಕೆಗಾಗಿ ಸ್ವಲ್ಪ ಸ್ಟ್ರಾನ್ಷಿಯಂ ಕ್ಲೋರೈಡ್ ಹೆಕ್ಸಾಹೈಡ್ರೇಟ್ ಬೆರೆಸಿರಿ. 100 ಕಿಲೋ ಕೊಳ್ಳುವ ಮೊದಲು ತಾರಸಿಗೆ ಬಿಸಿಲು ಹಿಮ್ಮೆಟ್ಟಿಸುವ ಬಿಳಿ ಬಣ್ಣ ಬಳಿಸಿ, ಬಳಿಕ ಅದೇ ಕೋಣೆಯಲ್ಲಿ ಒಂದು ವಾರ ರಾತ್ರಿಯ ಉಷ್ಣತೆಯನ್ನು ಗಂಟೆಗೊಮ್ಮೆ ದಾಖಲಿಸುವ ಥರ್ಮಾಮೀಟರ್ ಇಡಿ. ಬೆಳಗಿನ ಜಾವದ ಹೊತ್ತಿಗಾದರೂ ಅದು ನಾಲ್ಕೈದು ಗಂಟೆ 26 ಡಿಗ್ರಿಗಿಂತ ಕೆಳಗಿದ್ದರೆ ಮಾತ್ರ ಲವಣಕ್ಕೆ ಹಣ ಹಾಕಿರಿ.